ಡಿಪೊಗೆ ಬರುವವರು ಕಿವಿ ತರ್ತಾರಾ?

ಚುನಾವಣೆ ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರೋದು ವಿಧಾನಸೌಧ, ಇಲ್ಲಾಂದ್ರೆ ದೆಹಲಿ. ಹೆಚ್ಚೆಂದರೆ ಗ್ರಾಮ ಪಂಚಾಯಿತಿ. ನಮ್ಮ ಚಾನೆಲ್‌ಗಳ ವ್ಯಾನ್ ಹೋಗೋದೂ ಅಲ್ಲಿಗೇ. ಆದರೆ ಈ ರಾಜ್ಯದಲ್ಲಿ ಕ್ಯಾಮೆರಾ ಹೋಗದ ಚುನಾವಣೆಗಳೂ ನಡೆಯುತ್ತವೆ. ಕಾರ್ಖಾನೆಯ ಗೇಟಿನಲ್ಲಿ ನಡೆಯುತ್ತವೆ, ತಾಲ್ಲೂಕು ಕಚೇರಿಯ ಆವರಣದಲ್ಲಿ ನಡೆಯುತ್ತವೆ. ನೌಕರರ ಸಂಘದ ಚುನಾವಣೆ, ಕಾರ್ಮಿಕ ಸಂಘದ ಚುನಾವಣೆ. ಅಲ್ಲೂ ಪ್ಯಾನೆಲ್ ಇರುತ್ತೆ, ಕರಪತ್ರ ಇರುತ್ತೆ, ವಾಟ್ಸಾಪ್ ಪೋಸ್ಟರ್ ಇರುತ್ತೆ, ರಾತ್ರಿ ಊಟವೂ ಇರುತ್ತೆ. ಅಭ್ಯರ್ಥಿ ಗೇಟಿಗೆ ಬರ್ತಾರೆ, ಮೈಕ್ ಹಿಡೀತಾರೆ, ಹತ್ತು ಭರವಸೆ ಕೊಡ್ತಾರೆ, ಜೈಕಾರ ಹಾಕಿಸಿಕೊಂಡು ಹೊರಡ್ತಾರೆ.

ಇವತ್ತು ನನ್ನದು ಒಂದೇ ಪ್ರಶ್ನೆ. ಆ ಅಭ್ಯರ್ಥಿ ಎಷ್ಟು ಹೊತ್ತು ಮಾತಾಡಿದರು ಅನ್ನೋದು ಬಿಡಿ. ಎಷ್ಟು ಹೊತ್ತು ಕೇಳಿಸಿಕೊಂಡರು?

ಇದು ಬರೀ ಸಂಘದ ಒಳಗಿನ ವಿಷಯ, ನಮಗೇನು ಅಂತ ನೀವು ಅಂದುಕೊಳ್ಳಬಹುದು. ಹಾಗಾದರೆ 2025ರ ಆಗಸ್ಟ್ 5 ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಎದ್ದು ಬಸ್ ಸ್ಟ್ಯಾಂಡಿಗೆ ಹೋದವರಿಗೆ ಬಸ್ಸೇ ಇರಲಿಲ್ಲ. ಸಾರಿಗೆ ನೌಕರರ ಮುಷ್ಕರ. ಹೈಕೋರ್ಟ್ ಮಧ್ಯೆ ಬಂದು ನಿಲ್ಲಿಸಿ ಅಂದ ಮೇಲೆ ಬಸ್ಸುಗಳು ಮತ್ತೆ ರಸ್ತೆಗಿಳಿದವು. ಅವತ್ತು ಆಸ್ಪತ್ರೆಗೆ ಹೋಗಬೇಕಾದವರು, ಕಾಲೇಜಿಗೆ ಹೋಗಬೇಕಾದವರು, ಕೂಲಿಗೆ ಹೋಗಬೇಕಾದವರು ಎಲ್ಲರೂ ತೊಂದರೆಪಟ್ಟರು. ಅಂದರೆ ಡಿಪೊ ಒಳಗೆ ಯಾರ ಮಾತನ್ನು ಯಾರು ಕೇಳ್ತಾರೆ ಅನ್ನೋದು ನಿಮ್ಮ ಮನೆಯ ವಿಷಯವೂ ಹೌದು.

ಆ ಮುಷ್ಕರದ ಬಗ್ಗೆ ನಾವು ಚರ್ಚೆ ಮಾಡಿದ ಮೇಲೆ ಚನ್ನಗಿರಿ ತಾಲ್ಲೂಕಿನ ನಲ್ಲೂರಿನಿಂದ ಒಬ್ಬ ವೀಕ್ಷಕರು ಫೋನ್ ಮಾಡಿದ್ದರು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಈಗ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಅವರು ನನ್ನನ್ನು ಬೈಯಲಿಲ್ಲ, ಹೊಗಳಲೂ ಇಲ್ಲ. ಒಂದೇ ಮಾತು ಕೇಳಿದರು. "ನಿಮ್ ಚರ್ಚೇಲಿ ಮಂತ್ರಿ ಇದ್ರು, ಲೀಡರ್ ಇದ್ರು, ಪ್ಯಾಸೆಂಜರ್ರೂ ಇದ್ರು ಸರ್. ಡಿಪೊದಾಗೆ ದಿನಾ ಇರೋನು ಯಾರಾದ್ರೂ ಇದ್ನಾ?"

ಡಿಪೊದಲ್ಲಿ ದಿನಾ ಇರೋನು ಅಂದರೆ ಯಾರು? ಅದನ್ನೂ ಅವರೇ ವಿವರಿಸಿದರು. ಪ್ರತಿ ಡಿಪೊದಲ್ಲೂ ಒಬ್ಬರು ಇರ್ತಾರೆ. ಒಬ್ಬ ಹಿರಿಯ ಡ್ರೈವರ್ ಇರಬಹುದು, ಮೆಕ್ಯಾನಿಕ್ ಇರಬಹುದು. ರಜೆ ಸಿಗದಿದ್ದವರು ಮೊದಲು ಹೋಗೋದು ಅವರ ಹತ್ತಿರ. ಮಗಳ ನಿಶ್ಚಿತಾರ್ಥದ ದಿನವೇ ಡ್ಯೂಟಿ ಹಾಕಿದ್ದಾರೆ ಅಂದರೆ ಅವರು ಹೋಗಿ ಮ್ಯಾನೇಜರ್ ಮುಂದೆ ನಿಲ್ತಾರೆ. ಒಂದು ರೂಟಿಗೆ ಕೊಟ್ಟಿರೋ ಸಮಯದಲ್ಲಿ ಗಾಡಿ ಓಡಿಸೋಕೆ ಆಗಲ್ಲ ಅನ್ನೋದು ಅವರಿಗೆ ಗೊತ್ತು. ಯಾವ ಹಳ್ಳಿಯ ವಸತಿ ಬಸ್ಸಿನ ಸಿಬ್ಬಂದಿಗೆ ರಾತ್ರಿ ಮಲಗಲು ಜಾಗ ಇಲ್ಲ, ಯಾವ ನಿಲ್ದಾಣದಲ್ಲಿ ಮಹಿಳಾ ಕಂಡಕ್ಟರ್‌ಗೆ ಶೌಚಾಲಯದ ಬಾಗಿಲು ಹಾಕಲು ಬರಲ್ಲ, ಅದೂ ಗೊತ್ತು. ಅವರೇ ಕೆಲಸದ ಜಾಗದ ಪ್ರತಿನಿಧಿ. ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರಲ್ಲ.

ಸಂಘದ ಚುನಾವಣೆ ಇದ್ದ ಕಾಲದಲ್ಲಿ ದೊಡ್ಡ ಅಭ್ಯರ್ಥಿಗಳು ಬೆಳಗಿನ ಜಾವ ಮೊದಲ ಗಾಡಿ ಹೊರಡೋ ಹೊತ್ತಿಗೆ ಡಿಪೊಗೆ ಬಂದು ಈ ಮನುಷ್ಯನ ಪಕ್ಕ ಕೂತುಕೊಳ್ತಿದ್ದರಂತೆ. ಯಾಕೆ? ಪ್ರೀತಿಗಾ? ಅಲ್ಲ. ಅವರು ಹೇಳಿದ ಕಡೆ ಓಟು ಬೀಳ್ತಿತ್ತು. ಓಟು ಬೇಕಾಗಿತ್ತು, ಅದಕ್ಕೇ ಕಿವಿ ಕೊಡ್ತಿದ್ದರು.

ಈಗ ಅಸಲಿ ವಿಷಯಕ್ಕೆ ಬರೋಣ. ನಮ್ಮ ಸಾರಿಗೆ ನಿಗಮಗಳಲ್ಲಿ ಒಂದು ಕಾಲದಲ್ಲಿ ಯಾವ ಸಂಘಕ್ಕೆ ಮಾನ್ಯತೆ ಅನ್ನೋದನ್ನು ನೌಕರರ ಮತವೇ ನಿರ್ಧರಿಸುತ್ತಿತ್ತು. ಆಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಅಂಥ ಚುನಾವಣೆಯೇ ನಡೆಯಲಿಲ್ಲ. ನಾಲ್ಕು ನಿಗಮಗಳು, ಲಕ್ಷಕ್ಕೂ ಹೆಚ್ಚು ನೌಕರರು, ಹಲವು ಸಂಘಗಳು. ಎಲ್ಲರೂ ನಾವೇ ನಿಮ್ಮ ದನಿ ಅಂತಾರೆ. ಯಾರ ಹಿಂದೆ ಎಷ್ಟು ಜನ ಇದ್ದಾರೆ ಅಂತ ಎಣಿಸಿದವರಿಲ್ಲ.

ಎಣಿಸದಿದ್ದರೆ ಏನಾಗುತ್ತೆ? 2020ರ ಡಿಸೆಂಬರ್‌ನಲ್ಲಿ ನೋಡಿದ್ವಲ್ಲ. ಡಿಸೆಂಬರ್ 11ರಿಂದ ನಾಲ್ಕು ದಿನ ಬಸ್ ನಿಂತವು. ಮುಂದೆ ನಿಂತವರು ರೈತ ನಾಯಕ ಕೋಡಿಹಳ್ಳಿ ಚಂದ್ರಶೇಖರ್. ಹಳೆಯ ಸಂಘಗಳ ನಾಯಕರು ಒಂದು ಕಡೆ, ಹೊಸ ನೌಕರರ ಕೂಟ ಇನ್ನೊಂದು ಕಡೆ. ಸರ್ಕಾರದ ಜೊತೆ ಮಾತುಕತೆ ಮುಗಿಸಿ ಬಂದವರು ಮುಷ್ಕರ ಮುಗೀತು ಅಂದರು. ಫ್ರೀಡಂ ಪಾರ್ಕ್‌ನಲ್ಲಿ ನೋಡಿದರೆ ಇಲ್ಲ, ಮುಂದುವರಿಯುತ್ತೆ ಅಂದರು. ಯಾರ ಮಾತು ಕೊನೆಯ ಮಾತು ಅಂತ ಪ್ರಯಾಣಿಕರಿಗೂ ಗೊತ್ತಾಗಲಿಲ್ಲ, ಸರ್ಕಾರಕ್ಕೂ ಗೊತ್ತಾಗಲಿಲ್ಲ.

ಮುಂದಿನ ಏಪ್ರಿಲ್‌ನಲ್ಲಿ ಇನ್ನೂ ದೊಡ್ಡದು ನಡೀತು. 2021ರ ಏಪ್ರಿಲ್ 7ರಿಂದ 21ರವರೆಗೆ ಮುಷ್ಕರ. ಕೊರೋನಾ ಎರಡನೇ ಅಲೆ ಬೇರೆ. ಕೊನೆಗೆ ಏನು ಸಿಕ್ಕಿತು? ವಜಾ, ಅಮಾನತು, ವರ್ಗಾವಣೆ. ಸಾವಿರಾರು ಮನೆಗಳಲ್ಲಿ ಸಂಬಳ ನಿಂತಿತು. ಆಮೇಲೆ ಬಹಳ ದಿನ ಅವರ ಹೋರಾಟ ಸಂಬಳ ಹೆಚ್ಚಳಕ್ಕಾಗಿ ಇರಲಿಲ್ಲ, ಕಳೆದುಕೊಂಡ ಕೆಲಸ ವಾಪಸ್ ಪಡೆಯೋಕೆ ಇತ್ತು.

ಆಗಿನ ದೊಡ್ಡ ಬೇಡಿಕೆ ಏನಿತ್ತು? ನಮ್ಮನ್ನು ಸರ್ಕಾರಿ ನೌಕರರು ಅಂತ ಪರಿಗಣಿಸಿ, ಆರನೇ ವೇತನ ಆಯೋಗದ ಪ್ರಕಾರ ಸಂಬಳ ಕೊಡಿ. ಒಂದು ನಿಗಮದ ನೌಕರ ಸರ್ಕಾರಿ ನೌಕರನಾಗಬೇಕು ಅಂತ ಯಾಕೆ ಆಸೆಪಡ್ತಾನೆ? ಸಂಬಳದ ಅಂತರ ಒಂದು ಕಾರಣ, ನಿಜ. ಆದರೆ ಅದರ ಕೆಳಗೆ ನೂರು ಸಣ್ಣ ಕಾರಣಗಳಿವೆ. ರಜೆ ಕೇಳಿದರೆ ಅವಮಾನ. ಹತ್ತು ರೂಪಾಯಿ ಟಿಕೆಟ್ ತಪ್ಪಿದರೆ ಕಳ್ಳನ ಪಟ್ಟ. ಗಾಡಿ ರಿಪೇರಿ ಇದೆ ಅಂತ ಬರೆದುಕೊಟ್ಟರೂ ಅದೇ ಗಾಡಿ ತಗೊಂಡು ಹೋಗು ಅನ್ನೋ ಮಾತು. ಇವುಗಳಲ್ಲಿ ಮುಕ್ಕಾಲು ಪಾಲು ವಿಧಾನಸೌಧಕ್ಕೆ ಹೋಗಬೇಕಾದ ವಿಷಯವೇ ಅಲ್ಲ. ಡಿಪೊ ಮ್ಯಾನೇಜರ್ ಮೇಜಿನ ಮೇಲೇ ಮುಗಿಯಬೇಕಾದವು.

ನಾನು ಇವತ್ತು ಹೇಳಬೇಕು ಅಂದುಕೊಂಡಿರೋದು ಇಷ್ಟೇ. ಸಣ್ಣ ದೂರನ್ನು ಸಣ್ಣದಿದ್ದಾಗ ಯಾರೂ ಕೇಳದಿದ್ದರೆ, ಎಲ್ಲ ಸಣ್ಣ ದೂರುಗಳೂ ಸೇರಿ ಯಾರೂ ಈಡೇರಿಸಲಾಗದ ಒಂದೇ ದೊಡ್ಡ ಬೇಡಿಕೆ ಆಗುತ್ತೆ. ಆಗ ಮಾತುಕತೆಗೆ ಜಾಗ ಉಳಿಯಲ್ಲ. ಹೌದು ಅಥವಾ ಇಲ್ಲ, ಎರಡೇ. ಸರ್ಕಾರ ಇಲ್ಲ ಅನ್ನುತ್ತೆ. ಬಸ್ ನಿಲ್ಲುತ್ತೆ.

ನಾನು ಎಂಜಿನಿಯರಿಂಗ್ ಓದಿದವನು. ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ವಿಷಯ ಇತ್ತು, ಅದರ ಸಾರ ನಿಮ್ಮ ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲೇ ಇದೆ. ಟ್ಯಾಂಕಿನಲ್ಲಿ ನೀರಿನ ಮಟ್ಟ ಹೇಳುವ ಸೆನ್ಸರ್ ಇದ್ದರೆ ಮೋಟರ್ ತಾನಾಗಿ ನಿಲ್ಲುತ್ತೆ. ಸೆನ್ಸರ್ ಇಲ್ಲದಿದ್ದರೆ? ನೀರು ಉಕ್ಕಿ ಪಕ್ಕದ ಮನೆಯವರು ಬಂದು ಕೂಗಿದಾಗಲೇ ಗೊತ್ತಾಗೋದು. ಸಂಘಕ್ಕೆ ಡಿಪೊ ಪ್ರತಿನಿಧಿ ಅಂದರೆ ಆ ಸೆನ್ಸರ್. ಅದನ್ನು ಕಿತ್ತು ಹಾಕಿ, ಆಮೇಲೆ ನೀರು ಯಾಕೆ ಉಕ್ಕಿತು ಅಂತ ನಾವು ಸ್ಟುಡಿಯೋದಲ್ಲಿ ಕೂತು ಚರ್ಚೆ ಮಾಡ್ತೀವಿ.

ಇದಕ್ಕೆ ಎದುರಾಗಿ ಇನ್ನೊಂದು ಉದಾಹರಣೆ ಕೊಡ್ತೀನಿ. ರಾಜ್ಯ ಸರ್ಕಾರಿ ನೌಕರರ ಸಂಘ. ಕಾನೂನಿನ ಲೆಕ್ಕದಲ್ಲಿ ಅದು ಕಾರ್ಖಾನೆಯ ಕಾರ್ಮಿಕ ಸಂಘದಂಥದ್ದಲ್ಲ. ಆದರೆ ಅಲ್ಲಿ ಐದು ವರ್ಷಕ್ಕೊಮ್ಮೆ ಚುನಾವಣೆ ಇದೆ. ಮೊದಲು ತಾಲ್ಲೂಕಿನಲ್ಲಿ ಒಂದೊಂದು ಇಲಾಖೆಯವರು ತಮ್ಮ ಪ್ರತಿನಿಧಿಯನ್ನು ಆರಿಸ್ತಾರೆ. ಶಿಕ್ಷಕರಿಗೆ ಅವರವರು, ಕಂದಾಯದವರಿಗೆ ಅವರವರು, ಆರೋಗ್ಯ ಇಲಾಖೆಗೆ ಅವರವರು. ಆಮೇಲೆ ತಾಲ್ಲೂಕು, ಜಿಲ್ಲೆ, ಕೊನೆಗೆ ರಾಜ್ಯ. ಅಂದರೆ ರಾಜ್ಯ ಅಧ್ಯಕ್ಷರಾಗಬೇಕು ಅನ್ನುವವರು ಈ ಪ್ರತಿನಿಧಿಗಳನ್ನು ದಾಟಿ ಹೋಗೋಕೆ ಆಗಲ್ಲ. 2024ರ ಕೊನೆಯಲ್ಲಿ ನಡೆದ ಚುನಾವಣೆಯಲ್ಲಿ ಸಿ.ಎಸ್. ಷಡಾಕ್ಷರಿ ಮತ್ತೆ ರಾಜ್ಯಾಧ್ಯಕ್ಷರಾದರು. ಅವರ ಬಗ್ಗೆ ಮೆಚ್ಚುವವರೂ ಇದ್ದಾರೆ, ಟೀಕಿಸುವವರೂ ಇದ್ದಾರೆ. ನಾನು ವ್ಯಕ್ತಿಯ ಬಗ್ಗೆ ಮಾತಾಡ್ತಿಲ್ಲ, ವ್ಯವಸ್ಥೆಯ ಬಗ್ಗೆ ಮಾತಾಡ್ತಿದ್ದೀನಿ.

2023ರ ಮಾರ್ಚ್ 1ಕ್ಕೆ ಹೋಗಿ. ಆ ಸಂಘ ಮುಷ್ಕರಕ್ಕೆ ಕರೆ ಕೊಟ್ಟಿತು. ಕಚೇರಿಗಳು ಮುಚ್ಚಿದವು. ಅದೇ ದಿನ ಸರ್ಕಾರ ಶೇ 17ರಷ್ಟು ಮಧ್ಯಂತರ ಪರಿಹಾರದ ಆದೇಶ ಹೊರಡಿಸಿತು. ಮುಷ್ಕರ ವಾಪಸ್. ಒಂದೇ ದಿನ! ಅದೇ ತಿಂಗಳು ಸಾರಿಗೆ ನೌಕರರಿಗೂ ಶೇ 15ರಷ್ಟು ಹೆಚ್ಚಳ ಸಿಕ್ಕಿತು. ಆದರೆ 2020ರ ಜನವರಿಯಿಂದ ಬರಬೇಕಿದ್ದ 38 ತಿಂಗಳ ಬಾಕಿ ಬರಲಿಲ್ಲ. ಆ ಬಾಕಿಯೇ, ಅದರ ಜೊತೆಗೆ 2024ರ ಜನವರಿಯಿಂದ ಆಗಬೇಕಿದ್ದ ಹೊಸ ವೇತನ ಪರಿಷ್ಕರಣೆಯೇ 2025ರ ಆಗಸ್ಟ್ ಮುಷ್ಕರದ ಕಾರಣ. 38 ತಿಂಗಳಿಗೆ ಸಂಘಗಳು ಹಾಕಿದ ಲೆಕ್ಕ 1,785 ಕೋಟಿ ರೂಪಾಯಿ.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋದು ಪೂರ್ತಿ ನ್ಯಾಯ ಅಲ್ಲ, ಒಪ್ತೀನಿ. ಸರ್ಕಾರಿ ನೌಕರರ ಸಂಬಳ ಖಜಾನೆಯಿಂದ ಬರುತ್ತೆ. ನಿಗಮಕ್ಕೆ ಡೀಸೆಲ್ ಬೆಲೆ ಇದೆ, ಸಾಲ ಇದೆ, ಶಕ್ತಿ ಯೋಜನೆಯ ಹಣ ಯಾವಾಗ ಬರುತ್ತೆ ಅನ್ನೋ ಚಿಂತೆ ಇದೆ. ಆದರೂ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ. ಒಂದು ಕಡೆ ಮಾತಾಡಲು ಯಾರನ್ನು ಕರೀಬೇಕು ಅಂತ ಸರ್ಕಾರಕ್ಕೆ ಗೊತ್ತಿತ್ತು. ಒಪ್ಪಂದ ಆದ ಮೇಲೆ ಆ ಮಾತು ಕೆಳಗಿನವರೆಗೂ ನಡೆಯುತ್ತೆ ಅನ್ನೋ ನಂಬಿಕೆ ಇತ್ತು. ಇನ್ನೊಂದು ಕಡೆ ಎರಡೂ ಇರಲಿಲ್ಲ.

ಪ್ರತಿನಿಧಿಯೇ ಇಲ್ಲದ ಕಡೆ ಇನ್ನೂ ಕೆಟ್ಟದ್ದು ನಡೆಯುತ್ತೆ. 2020ರ ಡಿಸೆಂಬರ್‌ನಲ್ಲಿ ಬಸ್ ನಿಂತಿದ್ದ ಅದೇ ದಿನಗಳಲ್ಲಿ, ಡಿಸೆಂಬರ್ 12ರಂದು, ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಏನಾಯ್ತು ನೆನಪಿದೆಯಾ? ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ಗಾಜು ಒಡೆದರು, ಗಾಡಿಗಳಿಗೆ ಬೆಂಕಿ ಬಿತ್ತು. ಅದು ತಪ್ಪೇ, ಯಾರೂ ಸಮರ್ಥಿಸಬಾರದು. ಆದರೆ ಒಂದು ವಾರದಲ್ಲಿ ಕಂಪನಿಯೇ ಏನು ಹೇಳಿತು? ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಕೊಟ್ಟಿರಲಿಲ್ಲ ಅಂತ ಒಪ್ಪಿಕೊಂಡಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಗುತ್ತಿಗೆ ಹುಡುಗರು. ಸಂಬಳದ ಚೀಟಿಯಲ್ಲಿ ಲೆಕ್ಕ ತಪ್ಪಿದೆ ಅಂತ ಅವರು ಯಾರಿಗೆ ಹೇಳಬೇಕಿತ್ತು? ಅವರ ಪರವಾಗಿ ಹೋಗಿ ಕೇಳುವ, ಅವರೇ ಆರಿಸಿದ ಒಬ್ಬ ಮನುಷ್ಯ ಇದ್ದಿದ್ದರೆ, ಆ ಬೆಳಿಗ್ಗೆ ಬೇರೆ ಥರ ಇರುತ್ತಿತ್ತೋ ಏನೋ.

ಕೇಳಿಸಿಕೊಂಡರೆ ಏನು ಸಿಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. 2025ರ ಜನವರಿ 7ರಿಂದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂತಿದ್ದರು. ನಾಲ್ಕನೇ ದಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಮಾತುಕತೆ ನಡೆಸಿ, ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡ್ತೀವಿ ಅಂದರು. ಅವರು ಕೇಳಿದ್ದು 15,000. ಆದರೆ ಅವರ ಬೇಡಿಕೆಗಳಲ್ಲಿ ನನ್ನ ಗಮನ ಸೆಳೆದದ್ದು ಬೇರೆ. ತಾಯಿ ಮಕ್ಕಳ ವಿವರ ತುಂಬುವ ಆರ್‌ಸಿಎಚ್ ಪೋರ್ಟಲ್‌ಗೂ ನಮ್ಮ ಪ್ರೋತ್ಸಾಹಧನಕ್ಕೂ ಇರುವ ಗಂಟು ಬಿಚ್ಚಿ ಅಂತ ಅವರು ವರ್ಷಗಳಿಂದ ಕೇಳ್ತಿದ್ದಾರೆ. ಕೆಲಸ ಇವರು ಮಾಡಿರ್ತಾರೆ. ಕಂಪ್ಯೂಟರ್‌ನಲ್ಲಿ ವಿವರ ಏರದಿದ್ದರೆ ದುಡ್ಡು ಹೋಯ್ತು. ಈ ವಿಷಯ ಬೆಂಗಳೂರಿನಲ್ಲಿ ಕೂತ ಯಾವ ನಾಯಕರಿಗೂ ತಾನಾಗಿ ಹೊಳೆಯೋಕೆ ಸಾಧ್ಯ ಇಲ್ಲ. ಹಳ್ಳಿಯಲ್ಲಿ ಮನೆಮನೆ ತಿರುಗುವ ಹೆಣ್ಣುಮಗಳು ಹೇಳಬೇಕು, ಸಂಘದವರು ಬರೆದುಕೊಳ್ಳಬೇಕು. ಬೇಡಿಕೆ ಪಟ್ಟಿ ಓದಿದರೆ ಸಾಕು, ಅದನ್ನು ಬರೆದವರು ಕೇಳಿಸಿಕೊಂಡು ಬರೆದರೋ, ಕೂತು ಕಲ್ಪಿಸಿಕೊಂಡು ಬರೆದರೋ ಗೊತ್ತಾಗುತ್ತೆ.

ದಾವಣಗೆರೆ ಸೀಮೆಗೆ ಈ ಪಾಠ ಹೊಸದಲ್ಲ. ಹತ್ತಿ ಗಿರಣಿಗಳ ಸೈರನ್ ಕೇಳಿ ಊರು ಏಳುತ್ತಿದ್ದ ಕಾಲ ಒಂದಿತ್ತು. ಗಿರಣಿ ಕಾರ್ಮಿಕರ ನಡುವಿನಿಂದ ಬಂದ ಕಮ್ಯುನಿಸ್ಟ್ ಮುಖಂಡ ಪಂಪಾಪತಿ ಅವರನ್ನು ಆ ಊರು 1978, 1983, 1985ರಲ್ಲಿ ಮೂರು ಸಲ ವಿಧಾನಸಭೆಗೆ ಕಳಿಸಿತು. ಅವರ ಸಿದ್ಧಾಂತ ಒಪ್ಪದವರೂ ಓಟು ಹಾಕಿದರು ಅನ್ನೋದಕ್ಕೆ ಆ ಗೆಲುವುಗಳೇ ಸಾಕ್ಷಿ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅದರ ಜೊತೆಗೆ ಗೇಟಿನಲ್ಲಿ ನಿಂತು ಕೇಳಿಸಿಕೊಳ್ಳುವ ಪದ್ಧತಿಯೂ ಮುಚ್ಚಿಹೋಯಿತಾ?

ಕಾನೂನು ಈಗ ಬದಲಾಗಿದೆ, ಅದನ್ನೂ ತಿಳಿದುಕೊಳ್ಳಿ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅದರಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ ಏನು ಹೇಳುತ್ತೆ? ಒಂದು ಸಂಸ್ಥೆಯಲ್ಲಿ ಹಲವು ಸಂಘಗಳಿದ್ದರೆ, ಶೇ 51ರಷ್ಟು ಕಾರ್ಮಿಕರ ಬೆಂಬಲ ಇರುವ ಸಂಘವೇ ಮಾಲೀಕರ ಜೊತೆ ಮಾತಾಡುವ ಏಕೈಕ ಸಂಘ. ಯಾರಿಗೂ ಅಷ್ಟು ಬೆಂಬಲ ಇಲ್ಲದಿದ್ದರೆ ಒಂದು ಮಾತುಕತೆ ಮಂಡಳಿ. ಪ್ರತಿ ಶೇ 20ರಷ್ಟು ಬೆಂಬಲಕ್ಕೆ ಒಬ್ಬ ಪ್ರತಿನಿಧಿ. 20 ಅಥವಾ ಹೆಚ್ಚು ಕಾರ್ಮಿಕರಿದ್ದ ಕಡೆ ದೂರು ಪರಿಹಾರ ಸಮಿತಿ ಇರಬೇಕು, ಅದರಲ್ಲಿ ಮಹಿಳೆಯರಿಗೆ ಅವರ ಸಂಖ್ಯೆಗೆ ತಕ್ಕ ಸ್ಥಾನ ಇರಬೇಕು. ಇನ್ನು ಮುಷ್ಕರ ಮಾಡಬೇಕಾದರೆ ಮೊದಲೇ ನೋಟಿಸ್ ಕೊಡಲೇಬೇಕು, ಕೊಟ್ಟ ಮೇಲೂ 14 ದಿನ ಕಾಯಬೇಕು.

ಈ ಸಂಹಿತೆಯನ್ನು ಕಾರ್ಮಿಕ ಸಂಘಗಳು ವಿರೋಧಿಸ್ತಿವೆ. ಮುಷ್ಕರದ ಹಕ್ಕನ್ನೇ ಕಟ್ಟಿಹಾಕಿದ್ದಾರೆ ಅನ್ನೋದು ಅವರ ವಾದ. ಉದ್ಯಮದವರು ಒಳ್ಳೆಯದಾಯ್ತು ಅಂತಾರೆ. ಆ ಜಗಳ ಇರಲಿ. ಎರಡು ಕಡೆಯವರೂ ಒಪ್ಪಬೇಕಾದ ಒಂದು ಮಾತಿದೆ. ಮುಷ್ಕರ ಕಷ್ಟ ಆದಷ್ಟೂ, ಮುಷ್ಕರಕ್ಕಿಂತ ಮುಂಚೆ ಕೇಳಿಸಿಕೊಳ್ಳೋದು ಹೆಚ್ಚು ಮುಖ್ಯ ಆಗುತ್ತೆ. ಬಾಗಿಲಿಗೆ ಬೀಗ ಹಾಕ್ತೀವಿ ಅಂದರೆ ಕಿಟಕಿಯನ್ನಾದರೂ ತೆಗೆದಿಡಬೇಕು ತಾನೇ?

ಇನ್ನೊಂದು ಅಪಾಯ ಇದೆ. ಶೇ 51 ಅನ್ನೋ ಅಂಕಿ ಸಂಘಗಳನ್ನು ಬರೀ ತಲೆ ಎಣಿಕೆಗೆ ಇಳಿಸಬಹುದು. ಸದಸ್ಯತ್ವ ಚೀಟಿ ಹರಿ, ಸಹಿ ಹಾಕಿಸು, ಸಂಖ್ಯೆ ತೋರಿಸು. ಸೋತ ಉಳಿದ ಶೇ 49ರವರ ದೂರು ಯಾರದ್ದು? ಡಿಪೊದಲ್ಲಿ ಗೆದ್ದವರ ಗಾಡಿಗೊಂದು ಬ್ರೇಕ್, ಸೋತವರ ಗಾಡಿಗೊಂದು ಬ್ರೇಕ್ ಇರಲ್ಲ. ಅದಕ್ಕೇ ಹೇಳೋದು, ತನಗೆ ಓಟು ಹಾಕದ ಪ್ರತಿನಿಧಿಯ ಮಾತನ್ನೂ ಕೇಳುವ ಅಭ್ಯರ್ಥಿ ಬೇಕು.

ಕೇಳೋದು ಅಂದರೆ ತಲೆಯಾಡಿಸೋದಲ್ಲ. ನನ್ನ ಪ್ರಕಾರ ಅದರಲ್ಲಿ ಮೂರು ಕೆಲಸ ಇದೆ. ಮೊದಲನೆಯದು ಬರೆದುಕೊಳ್ಳೋದು. ಯಾವ ಡಿಪೊ, ಯಾವ ರೂಟು, ಯಾವ ಶಿಫ್ಟ್, ಎಲ್ಲ. ಎರಡನೆಯದು ಬೇರೆ ಬೇರೆ ಮಾಡೋದು. ಇದು ಮ್ಯಾನೇಜರ್ ಮಟ್ಟದಲ್ಲೇ ಮುಗಿಯುತ್ತೆ, ಇದಕ್ಕೆ ನಿಗಮದ ಎಂಡಿ ಬೇಕು, ಇದು ಮಾತ್ರ ಸಚಿವ ಸಂಪುಟದ ವಿಷಯ ಅಂತ. ಮೂರನೆಯದು ಎಲ್ಲಕ್ಕಿಂತ ಕಷ್ಟ. ಆಗದ್ದನ್ನು ಆಗಲ್ಲ ಅಂತ ಮುಖಕ್ಕೆ ಹೇಳೋದು. ಓಟು ಕೇಳೋ ಹೊತ್ತಿನಲ್ಲಿ ಆಗಲ್ಲ ಅನ್ನೋಕೆ ಗಟ್ಟಿ ಗುಂಡಿಗೆ ಬೇಕು. ಅದನ್ನು ಹೇಳದೇ ಹೋದದ್ದಕ್ಕೇ ಎಷ್ಟೋ ಮನೆಗಳು ಸಂಬಳವಿಲ್ಲದ ತಿಂಗಳುಗಳನ್ನು ನೋಡಿದವು.

ಕೊನೆಯದಾಗಿ, ಯಾವ ಸಂಘದ ಅಭ್ಯರ್ಥಿಯೂ ಬರದ ಜಾಗಗಳ ಮಾತು. ಚನ್ನಗಿರಿ, ಹೊನ್ನಾಳಿ ಕಡೆ ಖಾಸಗಿ ಬಸ್ಸುಗಳೂ ಓಡುತ್ತವೆ. ಅವುಗಳ ಡ್ರೈವರ್, ಕಂಡಕ್ಟರ್, ಕ್ಲೀನರ್‌ಗಳಿಗೆ ಯಾವ ಗೇಟ್ ಮೀಟಿಂಗ್? ಅಡಿಕೆ ಕೊಯ್ಲಿನ ಕಾಲದಲ್ಲಿ ನಲ್ಲೂರಿನ ಸುತ್ತಮುತ್ತ ಮರ ಹತ್ತಿ ಗೊನೆ ಇಳಿಸುವವರಿದ್ದಾರೆ, ಚೇಣಿ ಹಿಡಿದವರ ಮನೆಯಂಗಳದಲ್ಲಿ ರಾತ್ರಿವರೆಗೆ ಕೂತು ಅಡಿಕೆ ಸುಲಿಯುವ ಹೆಣ್ಣುಮಕ್ಕಳಿದ್ದಾರೆ. ಮರದಿಂದ ಬಿದ್ದರೆ ಆಸ್ಪತ್ರೆ ಖರ್ಚು ಯಾರದ್ದು? ಸುಲಿಯುವ ಯಂತ್ರ ಬಂದ ಮೇಲೆ ಕೆಲಸ ಹೋದವರು ಏನು ಮಾಡಬೇಕು? ಅಲ್ಲೂ ಒಬ್ಬ ಪ್ರತಿನಿಧಿ ಇದ್ದಾಳೆ. ಹತ್ತು ಜನರನ್ನು ಒಟ್ಟು ಮಾಡಿ ಕೆಲಸಕ್ಕೆ ಕರ್ಕೊಂಡು ಬರುವ ಹೆಂಗಸು, ಕೂಲಿ ಮಾತಾಡುವವಳು, ಅಳತೆಯಲ್ಲಿ ಮೋಸ ಆದರೆ ದನಿ ಎತ್ತುವವಳು. ಅವಳ ಮಾತು ಕೇಳೋಕೆ ಸಂಘವೇ ಇಲ್ಲ. ಸಂಘ ಕಟ್ಟಬೇಕು ಅನ್ನುವ ಯುವಕರು ಯಾರಾದರೂ ಈ ಕಾರ್ಯಕ್ರಮ ನೋಡ್ತಿದ್ದರೆ, ಬಾವುಟದ ಬಣ್ಣ ಆಮೇಲೆ ನಿರ್ಧಾರ ಮಾಡಿ. ಮೊದಲು ಹೋಗಿ ಆ ತಾಯಿಯ ಪಕ್ಕ ಒಂದು ಸಂಜೆ ಕೂತುಕೊಳ್ಳಿ.

ಸಂಘದ ಚುನಾವಣೆಗೆ ನಿಂತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮಗೂ ಒಂದು ಮಾತು. ಈ ಸಲ ಡಿಪೊಗೆ, ಕಾರ್ಖಾನೆಗೆ, ಕಚೇರಿಗೆ ಹೋದಾಗ ಮೈಕನ್ನು ಗಾಡಿಯಲ್ಲೇ ಬಿಟ್ಟು ಹೋಗಿ. ಒಂದು ನೋಟ್‌ಬುಕ್ ತಗೊಂಡು ಹೋಗಿ. ಗೆದ್ದರೆ ಆರು ತಿಂಗಳ ಮೇಲೆ ಅದೇ ನೋಟ್‌ಬುಕ್ ಹಿಡಿದು ಅದೇ ಜಾಗಕ್ಕೆ ಬನ್ನಿ, ಯಾವುದು ಆಯ್ತು, ಯಾವುದು ಆಗಲಿಲ್ಲ ಅಂತ ಓದಿ ಹೇಳಿ. ಸೋತರೂ ಆ ನೋಟ್‌ಬುಕ್ಕನ್ನು ಗೆದ್ದವರ ಕೈಗೆ ಕೊಡಿ.

ಮತ ಹಾಕುವವರೇ, ನೀವೂ ಅಷ್ಟೇ. ಯಾರು ಚೆನ್ನಾಗಿ ಮಾತಾಡಿದರು ಅಂತ ನೋಡಬೇಡಿ. ನೀವು ಹೇಳಿದ್ದನ್ನು ಯಾರು ಬರೆದುಕೊಂಡರು ಅಂತ ನೋಡಿ.

ಯೋಚನೆ ಮಾಡಿ. ನಾಳೆ ಇದೇ ಹೊತ್ತಿಗೆ ಮತ್ತೆ ಸಿಗೋಣ.